ಲೋಡ್ ಲಾರಿಯ ಡೀಸೆಲ್ ಇಂಜಿನ್ ತಡವರಿಸುತ್ತದೆ, ನಡುಗುತ್ತದೆ. ಎಲ್ಲಿಂದ ನೋಡಬೇಕು?

ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿಸುವ ಮುನ್ನ ಡೀಸೆಲ್ ಬರುವ ದಾರಿ ನೋಡಿ. ಖಾಲಿ ಗಾಡಿ ಚೆನ್ನಾಗಿ ಓಡಿ, ಲೋಡ್ ಹೊತ್ತು ಏರು ಹತ್ತುವಾಗ ಮಾತ್ರ ತಡವರಿಸಿದರೆ ಮೊದಲ ಅನುಮಾನ ಫಿಲ್ಟರ್ ಮೇಲೆ. ಡೀಸೆಲ್‌ನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್‌ನ ತಳದ ತಿರುಪು ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ; ನೀರಿದ್ದರೆ ಡೀಸೆಲ್‌ನ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಫಿಲ್ಟರ್ ಬದಲಿಸಿದ ಮೇಲೆ ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆಯಿರಿ. ಗುಳ್ಳೆ ನಿಲ್ಲದಿದ್ದರೆ ಟ್ಯಾಂಕಿನ ಪೈಪ್ ಎಲ್ಲೋ ಗಾಳಿ ಎಳೆಯುತ್ತಿದೆ. ಹೊರಗೆ ಒಂದು ಹನಿ ಸೋರದೆಯೂ ಹೀಗಾಗಬಹುದು.

ನಿಂತಲ್ಲೇ ನಡುಗಿದರೆ ಯಾವುದೋ ಸಿಲಿಂಡರ್ ಸರಿಯಾಗಿ ದುಡಿಯುತ್ತಿಲ್ಲ. ಹಳೆಯ ಪಂಪಿನ ಗಾಡಿಯಲ್ಲಿ ಇಂಜೆಕ್ಟರ್ ಪೈಪಿನ ನಟ್‌ಗಳನ್ನು ಒಂದೊಂದಾಗಿ ಸಡಿಲಿಸಿ, ಬಿಗಿದು ನೋಡುತ್ತಾರೆ: ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಇಂಜಿನ್‌ನಲ್ಲಿ ಈ ಸಾಹಸ ಖಂಡಿತ ಬೇಡ. 1,000 ಬಾರ್ ಮೀರುವ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ. ಅಲ್ಲಿ ಇಂಜಿನ್‌ನ ದೋಷ ಓದುವ ಸ್ಕ್ಯಾನರ್ ಹಾಕಿಸಿ.