ಹಳೆಯ ಕಾರಿಗೆ ಹೊಸ ಬ್ಯಾಟರಿ: ಬಾಡಿಯ ತಗಡಿಗೆ ಪ್ಲಸ್ಸೋ, ಮೈನಸ್ಸೋ?

ಪ್ರಶ್ನೆ: ನಮ್ಮ ತಾತ ಕೊಂಡಿದ್ದ 1958ರ ಮೋರಿಸ್ ಮೈನರ್ 1000 ಕಾರಿಗೆ ಹೊಸದಾಗಿ ಬಣ್ಣ ಹೊಡೆಸಿ, ಹೊಸ ಬ್ಯಾಟರಿ ಹಾಕಿಸಿದ್ದೇನೆ. ಬ್ಯಾಟರಿ ಜೋಡಿಸಿದವರು ‘ಮೈನಸ್ ಬಾಡಿಯ ತಗಡಿಗೇ ಹೋಗಬೇಕು’ ಎಂದು ಹಾಗೆಯೇ ಮಾಡಿದರು. ಸೆಲ್ಫ್ ಹೊಡೆದರೆ ಎಂಜಿನ್ ಶುರುವಾಗುತ್ತದೆ. ಆದರೆ ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ಚಾರ್ಜಿಂಗಿನ ಕೆಂಪು ದೀಪ ಆರುವ ಬದಲು ಇನ್ನೂ ಪ್ರಖರವಾಗುತ್ತದೆ. ಎಡಗಡೆಯ ಹೆಡ್‌ಲೈಟ್ ಮಂಕಾಗಿದೆ. ಕಾರಣವೇನು?
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಎಂಜಿನ್ ನಿಲ್ಲಿಸಿ, ಬ್ಯಾಟರಿಯ ತಂತಿ ಬಿಚ್ಚಿಡಿ, ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ನಿಮ್ಮ ಕಾರು ತಯಾರಾದ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನೇ ಬಾಡಿಯ ತಗಡಿಗೆ ಜೋಡಿಸುವುದು (ಇದೇ ‘ಪ್ಲಸ್ ಅರ್ಥ್’) ಸಾಮಾನ್ಯ ಪದ್ಧತಿಯಾಗಿತ್ತು. ಅಮೆರಿಕದ ಫೋರ್ಡ್ ಕೂಡ 1955ರವರೆಗೆ 6 ವೋಲ್ಟ್‌ನ ಪ್ಲಸ್ ಅರ್ಥ್ ಇಟ್ಟುಕೊಂಡಿದ್ದು, 1956ರಲ್ಲಿ 12 ವೋಲ್ಟ್ ಮತ್ತು ಮೈನಸ್ ಅರ್ಥ್‌ಗೆ ಬಂದಿತು. ಪ್ಲಸ್ ಅನ್ನು ಅರ್ಥ್ ಮಾಡಿದರೆ ತಾಮ್ರದ ತಂತಿಗಳು ತೇವದಲ್ಲಿ ಬೇಗ ಸವೆಯುವುದಿಲ್ಲ ಎಂಬುದು ಇದಕ್ಕೆ ಹೇಳುತ್ತಿದ್ದ ಕಾರಣಗಳಲ್ಲೊಂದು. ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಪ್ಲಸ್ ಅರ್ಥ್ ಇರುವುದೂ ಇದೇ ಕಾರಣಕ್ಕೆ. ಕಾರಿನ ಮಟ್ಟಿಗೆ ಇದರಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲವೆಂದೇ ನನ್ನ ಅಭಿಪ್ರಾಯ. ಹಳೆಯ ಡೈನಮೊ ಬದಲು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳುಳ್ಳ ಆಲ್ಟರ್ನೇಟರ್ ಬಂದ ಮೇಲೆ, 1960ರ ದಶಕದ ಉತ್ತರಾರ್ಧದಲ್ಲಿ, ಬ್ರಿಟಿಷರೂ ಮೈನಸ್‌ಗೆ ಬದಲಾದರು.

ಬ್ಯಾಟರಿ ತಿರುಗಿಸಿದರೂ ಕಾರು ಶುರುವಾದದ್ದರಲ್ಲಿ ಆಶ್ಚರ್ಯವಿಲ್ಲ. ಬಲ್ಬಿಗೆ ದಿಕ್ಕಿನ ಹಂಗಿಲ್ಲ. ಸೆಲ್ಫ್ ಮೋಟಾರಿನಲ್ಲಿ ಫೀಲ್ಡ್ (ನಿಂತಿರುವ ಸುರುಳಿ) ಮತ್ತು ಆರ್ಮೇಚರ್ (ತಿರುಗುವ ಸುರುಳಿ) ಎರಡರ ಕರೆಂಟೂ ಒಟ್ಟಿಗೆ ತಿರುಗುವುದರಿಂದ ಅದು ಮೊದಲಿನ ದಿಕ್ಕಿಗೇ ಸುತ್ತುತ್ತದೆ. ಬ್ಯಾಟರಿಯನ್ನು ಚಾರ್ಜ್ ಮಾಡುವ ಡೈನಮೊ ಮಾತ್ರ ಹಾಗಲ್ಲ. ಅದರ ಕಬ್ಬಿಣದಲ್ಲಿ ಉಳಿದಿರುವ ಹಳೆಯ ಕಾಂತತ್ವ ಈಗಲೂ ಪ್ಲಸ್ ಅರ್ಥ್‌ಗೆ ಹೊಂದುವಂತೆಯೇ ವಿದ್ಯುತ್ ಹುಟ್ಟಿಸುತ್ತದೆ. ಕೆಂಪು ದೀಪ ಬ್ಯಾಟರಿ ಮತ್ತು ಡೈನಮೊಗಳ ನಡುವೆ ಕುಳಿತಿರುವುದರಿಂದ, ಎರಡೂ ಒಂದೇ ಬಗೆಯಲ್ಲಿದ್ದಾಗ ಅವುಗಳ ವೋಲ್ಟೇಜ್ ಸಮವಾಗಿ ದೀಪ ಆರಬೇಕು. ನಿಮ್ಮಲ್ಲಿ ಅವು ವಿರುದ್ಧವಾಗಿರುವುದರಿಂದ ವೋಲ್ಟೇಜ್ ಕೂಡಿಕೊಂಡು ದೀಪ ಪ್ರಖರವಾಗಿದೆ. ವೇಗ ಇನ್ನೂ ಹೆಚ್ಚಿ ಕಟೌಟ್ (ಡೈನಮೊವನ್ನು ಬ್ಯಾಟರಿಗೆ ತಾನಾಗಿ ಜೋಡಿಸುವ ಸ್ವಿಚ್ಚು) ಮುಚ್ಚಿಕೊಂಡರೆ ಅದರ ಪಾಯಿಂಟುಗಳು ಸುಟ್ಟು ಅಂಟಿಕೊಳ್ಳಬಹುದು.

ಮೈನಸ್ ಅರ್ಥ್ ಕೇಳುವ ಹೊಸ ರೇಡಿಯೊ ಮುಂತಾದವು ಬೇಡವಾದರೆ ಪ್ಲಸ್ ಅರ್ಥ್ ಅನ್ನೇ ಉಳಿಸಿಕೊಳ್ಳಿ. ಬ್ಯಾಟರಿಯ ಪ್ಲಸ್ ಕಂಬ ಮೈನಸ್‌ಗಿಂತ ದಪ್ಪವಿರುವುದರಿಂದ ಕ್ಲ್ಯಾಂಪುಗಳನ್ನೂ ಅದಕ್ಕೆ ತಕ್ಕಂತೆ ನೋಡಿಕೊಳ್ಳಿ. ಮರುಜೋಡಣೆಯಾದ ಮೇಲೆ, ಎಂಜಿನ್ ನಿಂತಿರುವಾಗಲೇ, ಡೈನಮೊದ ಎರಡೂ ತಂತಿ ಕಳಚಿ, ಬ್ಯಾಟರಿಯ ಮೈನಸ್‌ನಿಂದ ಎಳೆದ ತಂತಿಯನ್ನು ‘ಎಫ್’ ಎಂಬ ಚಿಕ್ಕ ಟರ್ಮಿನಲ್‌ಗೆ ಎರಡು ಮೂರು ಸಲ ಕ್ಷಣಮಾತ್ರ ತಾಗಿಸಿದರೆ ಡೈನಮೊದ ಕಾಂತತ್ವ ಸರಿಯಾದ ದಿಕ್ಕಿನಲ್ಲಿರುವುದು ಖಾತ್ರಿಯಾಗುತ್ತದೆ. ಮುಂದೆಂದಾದರೂ ಮೈನಸ್ ಅರ್ಥ್ ಮಾಡಿಸುವುದಾದರೆ ಇದೇ ಕೆಲಸವನ್ನು ಪ್ಲಸ್ ತಂತಿಯಿಂದ ಮಾಡಬೇಕು. ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ತಂತಿಗಳನ್ನೂ ಅದಲುಬದಲು ಮಾಡಬೇಕು, ಇಲ್ಲದಿದ್ದರೆ ಸ್ಪಾರ್ಕ್ ಹಾರಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ.

ಮಂಕು ಹೆಡ್‌ಲೈಟಿಗೂ ಬ್ಯಾಟರಿ ತಿರುಗಿಸಿದ್ದಕ್ಕೂ ಸಂಬಂಧವಿಲ್ಲ. ನನ್ನ ಗುಮಾನಿ ಹೊಸ ಬಣ್ಣದ ಮೇಲೆ. ಕರೆಂಟ್ ಹಿಂತಿರುಗುವ ದಾರಿ ಬಾಡಿಯ ತಗಡು. ಅರ್ಥ್ ತಂತಿಯ ಬಳೆಯನ್ನು ಬಣ್ಣದ ಮೇಲೆಯೇ ಬಿಗಿದಿದ್ದರೆ ಆ ದಾರಿ ಅರ್ಧ ಮುಚ್ಚಿದಂತೆ. ದೀಪ ಉರಿಯುತ್ತಿರುವಾಗ ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಅರ್ಥ್ ಕಂಬಕ್ಕೂ ಇನ್ನೊಂದನ್ನು ದೀಪದ ಅರ್ಥ್ ತಂತಿಗೂ ಹಿಡಿಯಿರಿ. ಸೊನ್ನೆಯ ಆಸುಪಾಸು ತೋರಿಸಬೇಕು. ಒಂದು ವೋಲ್ಟ್ ತೋರಿಸಿದರೂ ಬೆಳಕು ಸುಮಾರು ಕಾಲುಭಾಗ ಇಳಿದಿರುತ್ತದೆ. ಬೋಲ್ಟಿನ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ತಗಡು ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿ.

ಹಾಗೆಯೇ ಕಾರಿನ ಕೆಳಗೊಮ್ಮೆ ಬಗ್ಗಿ, ಎಂಜಿನ್ ಅಥವಾ ಗೇರ್‌ಬಾಕ್ಸ್‌ನಿಂದ ಬಾಡಿಯ ತಗಡಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ ಇದೆಯೇ ನೋಡಿ. ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ; ಬಣ್ಣದವರು ಆ ಪಟ್ಟಿಯನ್ನು ಮರಳಿ ಹಾಕಲು ಮರೆತಿದ್ದರೆ, ಸೆಲ್ಫ್‌ನ ಅಷ್ಟೂ ಕರೆಂಟ್ ಚೋಕ್ ಕೇಬಲ್ಲಿನ ಮೂಲಕವೇ ಹರಿದು ಅದನ್ನು ಕೈಯಿಟ್ಟರೆ ಸುಡುವಷ್ಟು ಕಾಯಿಸಬಹುದು.