ಚಿಗರಿ ಬಸ್ಸಿಗೆ ವೀಲ್‌ಚೇರ್ ಹತ್ತುತ್ತದೆ, ಹುಬ್ಬಳ್ಳಿಯಿಂದ ಗೋವಾಕ್ಕೆ ಹೋಗುವ ಬಸ್ಸಿಗೆ ಯಾಕೆ ಹತ್ತುವುದಿಲ್ಲ?

ಬಸ್ಸಿನ ನೆಲ ಮತ್ತು ನಿಲ್ದಾಣದ ಕಟ್ಟೆ ಒಂದೇ ಎತ್ತರದಲ್ಲಿದ್ದರೆ ವೀಲ್‌ಚೇರ್ ಸಲೀಸಾಗಿ ಒಳಗೆ ಹೋಗುತ್ತದೆ. ಚಿಗರಿಯಲ್ಲಿ ಎರಡನ್ನೂ ಒಟ್ಟಿಗೇ ಯೋಚಿಸಿ ಮಾಡಿದ್ದಾರೆ. ಹುಬ್ಬಳ್ಳಿ-ಧಾರವಾಡದ ಸುಮಾರು 22 ಕಿಲೋಮೀಟರ್ ದಾರಿಯಲ್ಲಿ, ರಸ್ತೆ ನಡುವಿನ ನಿಲ್ದಾಣಗಳನ್ನು ಕಟ್ಟಿದ್ದೇ ಈ ಬಸ್ಸಿನ ಅಳತೆಗೆ.

ಪಣಜಿ ಬಸ್ಸಿನ ಕಥೆ ಬೇರೆ. ಕಡಿದಾದ ಮೆಟ್ಟಿಲು, ಇಕ್ಕಟ್ಟಾದ ಬಾಗಿಲು. ಮೇಲಾಗಿ ಒಂದು ತುದಿಯ ನಿಲ್ದಾಣ ಕರ್ನಾಟಕದ್ದು, ಇನ್ನೊಂದು ಗೋವಾದ್ದು. 1988ರ ಮೋಟಾರು ವಾಹನ ಕಾಯ್ದೆಯಡಿ ರಾಜ್ಯಗಳು ಒಪ್ಪಂದ ಮಾಡಿಕೊಳ್ಳುತ್ತವೆ, ನಿಜ. ಆದರೆ ಅಲ್ಲಿ ಮುಖ್ಯವಾಗಿ ಮಾತಾಗುವುದು ಪರ್ಮಿಟ್ಟು, ಮಾರ್ಗ, ದಿನಕ್ಕೆಷ್ಟು ಟ್ರಿಪ್ಪು ಅಂತ. ನಾವು ಲಿಫ್ಟ್ ಇರುವ ಬಸ್ ಬಿಟ್ಟರೂ ಆ ಕಡೆ ಇಳಿಸಿಕೊಳ್ಳಲು ಜಾಗ ಬೇಕು, ಜನ ಬೇಕು, ಅಲ್ವಾ?

ಯುರೋಪ್ ಒಕ್ಕೂಟದಲ್ಲಿ 2013ರಿಂದ ಇದಕ್ಕೊಂದು ನಿಯಮವಿದೆ. ದೂರದ ಬಸ್ಸಾದರೆ ನೆರವು ಬೇಕಾದವರು 36 ಗಂಟೆ ಮುಂಚೆ ತಿಳಿಸಬೇಕು. ಗೊತ್ತುಪಡಿಸಿದ ನಿಲ್ದಾಣಗಳಲ್ಲಿ ಹತ್ತಿಸಲು, ಇಳಿಸಲು ಪುಕ್ಕಟೆ ನೆರವು ಸಿಗುತ್ತದೆ. ದೇಶದ ಗಡಿ ದಾಟಿದರೂ ನಿಯಮ ಅದೇ. ಬಸ್ಸೆಲ್ಲ ಹೊಸದಾಗಲಿ ಅಂತ ಸುಮ್ನೆ ಕಾಯುವ ಬದಲು, ಪಣಜಿ ಮಾರ್ಗದಲ್ಲಿ ಎರಡೂ ರಾಜ್ಯಗಳು ಮೊದಲು ಇಷ್ಟನ್ನು ಒಪ್ಪಿಕೊಳ್ಳಬಹುದು ಅನಿಸುತ್ತದೆ.