ಅಡಿಕೆಯ ಬಳಿ ನಿಲ್ಲದ ಬ್ರೇಕ್‌ಪಾಯಿಂಟ್

ಪ್ರಶ್ನೆ: ಅಂತಿಮ ವರ್ಷದ ಪ್ರಾಜೆಕ್ಟ್‌ಗಾಗಿ ನಾನೂ ನನ್ನ ಗೆಳತಿಯೂ ಒಂದು ಚಿಕ್ಕ ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಯನ್ನೂ ಅದರ ಬೈಟ್‌ಕೋಡನ್ನು (ಭಾಷೆಯಿಂದ ಅನುವಾದಗೊಂಡ ಸೂಚನೆಗಳ ಸಾಲನ್ನು) ನಡೆಸುವ ಇಂಟರ್‌ಪ್ರಿಟರನ್ನೂ ಬರೆದಿದ್ದೇವೆ. ದೋಷ ಹುಡುಕಲು ನೆರವಾಗುವ ಡಿಬಗರ್ ಪ್ರತಿ ಸೂಚನೆಗೂ ಮೊದಲು ಸಾಲಿನ ಸಂಖ್ಯೆಯನ್ನು ಬ್ರೇಕ್‌ಪಾಯಿಂಟ್‌ಗಳ (ಪ್ರೋಗ್ರಾಂ ನಿಲ್ಲಬೇಕೆಂದು ಗುರುತಿಸಿದ ಜಾಗಗಳ) ಪಟ್ಟಿಯಲ್ಲಿ ಹುಡುಕುವುದರಿಂದ ಪ್ರೋಗ್ರಾಂ ತೀರಾ ನಿಧಾನವಾಗಿದೆ. ಜೊತೆಗೆ, 'ಸರಕು' ಕ್ಲಾಸಿನ 'ಬೆಲೆ' ಮೆಥಡ್‌ಗೆ ಬ್ರೇಕ್‌ಪಾಯಿಂಟ್ ಇಟ್ಟರೆ ಕೊಬ್ಬರಿಯ ಬೆಲೆ ಕೇಳಿದಾಗ ನಿಲ್ಲುತ್ತದೆ, ಅಡಿಕೆಯ ಬೆಲೆ ಕೇಳಿದಾಗ ನಿಲ್ಲುವುದಿಲ್ಲ. ಎರಡೂ ಸರಕಿನ ಉಪಕ್ಲಾಸ್‌ಗಳೇ. ತಪ್ಪೆಲ್ಲಿದೆ?
— ವಿದ್ಯಾರ್ಥಿನಿ, ತುಮಕೂರು

ಉತ್ತರ: ನಿಧಾನದ ಕಾರಣವನ್ನು ನೀವೇ ಹೇಳಿದ್ದೀರಿ. ಹುಡುಕಾಟವನ್ನು ಬಿಟ್ಟು, ನಿಲ್ಲಬೇಕಾದ ಜಾಗದ ಆಪ್‌ಕೋಡನ್ನು (ಯಾವ ಕೆಲಸ ಮಾಡಬೇಕೆಂದು ಹೇಳುವ ಸಂಖ್ಯೆಯನ್ನು) ಬೇರೆ ಒಂದು ಕೋಷ್ಟಕದಲ್ಲಿ ತೆಗೆದಿಟ್ಟು, ಅಲ್ಲಿ 'ನಿಲ್ಲು' ಎಂಬ ವಿಶೇಷ ಆಪ್‌ಕೋಡನ್ನು ಬರೆಯಿರಿ. ಆಗ ಬ್ರೇಕ್‌ಪಾಯಿಂಟ್ ಇಲ್ಲದ ಸಾಲುಗಳ ಮೇಲೆ ಯಾವ ಹೊರೆಯೂ ಬೀಳುವುದಿಲ್ಲ. ಜಾವಾ ವರ್ಚುವಲ್ ಮಷೀನ್‌ನಲ್ಲಿ ಇದಕ್ಕೆಂದೇ 202ನೇ ಆಪ್‌ಕೋಡ್ ಮೀಸಲಾಗಿದೆ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ 204 ಎಂಬ ಬೈಟ್ ಈ ಕೆಲಸ ಮಾಡುತ್ತದೆ. ಅದು ಒಂದೇ ಬೈಟ್ ಆದುದರಿಂದ ಎಷ್ಟೇ ಚಿಕ್ಕ ಸೂಚನೆಯ ಮೇಲೆ ಬರೆದರೂ ಪಕ್ಕದ ಸೂಚನೆ ಕೆಡುವುದಿಲ್ಲ. ಆದರೆ ಅಲ್ಲಿ ಮುಂದುವರಿಯಲು ಹಳೆಯ ಬೈಟನ್ನು ಮರಳಿ ಬರೆದು, ಒಂದು ಹೆಜ್ಜೆ ನಡೆಸಿ, ಪುನಃ 204 ಬರೆಯಬೇಕು. ಆ ನಡುವೆ ಇನ್ನೊಂದು ಥ್ರೆಡ್ (ಪ್ರೋಗ್ರಾಂನಲ್ಲಿ ಜೊತೆಜೊತೆಗೇ ನಡೆಯುವ ಎಳೆ) ಅದೇ ಜಾಗವನ್ನು ದಾಟಿದರೆ ನಿಲ್ಲದೆಯೇ ಹೋಗಿಬಿಡುತ್ತದೆ. ಇಂಟರ್‌ಪ್ರಿಟರ್ ನಿಮ್ಮದೇ ಆಗಿರುವಾಗ ಈ ಸರ್ಕಸ್ಸು ಬೇಡ. 'ನಿಲ್ಲು' ಎದುರಾದಾಗ ತೆಗೆದಿಟ್ಟ ಆಪ್‌ಕೋಡನ್ನು ಕೋಷ್ಟಕದಿಂದ ಓದಿ ನೇರವಾಗಿ ನಡೆಸಿರಿ.

ನಿಮ್ಮ ಎರಡನೆಯ ತೊಂದರೆಯೇ ಹೆಚ್ಚು ಸ್ವಾರಸ್ಯಕರ. ಕೊಬ್ಬರಿ 'ಬೆಲೆ'ಯನ್ನು ಸರಕಿನಿಂದ ಹಾಗೆಯೇ ಪಡೆದಿದೆ. ಅಡಿಕೆ ತನ್ನದೇ 'ಬೆಲೆ'ಯನ್ನು ಬರೆದುಕೊಂಡಿರಬೇಕು. ಹೆಸರು ಒಂದೇ ಆದರೂ ಬೈಟ್‌ಕೋಡ್ ಎರಡು, ನೀವು ತಿದ್ದಿದ್ದು ಒಂದನ್ನು ಮಾತ್ರ. ಸಾಲಿಗೆ ಇಟ್ಟ ಬ್ರೇಕ್‌ಪಾಯಿಂಟ್ ಹೀಗೆ ಒಂದೇ ಕಡೆ ನಿಲ್ಲುವುದು ಸರಿ. ಮೆಥಡ್‌ನ ಹೆಸರಿಗೆ ಇಟ್ಟದ್ದಾದರೆ ಡಿಬಗರ್ ಉಪಕ್ಲಾಸ್‌ಗಳನ್ನೆಲ್ಲ ಹುಡುಕಿ, ಎಲ್ಲೆಲ್ಲಿ ಅದೇ ಮೆಥಡ್ ಮರಳಿ ಬರೆಯಲ್ಪಟ್ಟಿದೆಯೋ ಅಲ್ಲೆಲ್ಲ 'ನಿಲ್ಲು' ಇಡಬೇಕೆಂಬುದು ನನ್ನ ಅಭಿಪ್ರಾಯ. ಅಡಿಕೆಯ 'ಬೆಲೆ' ಒಳಗಿನಿಂದ ಸರಕಿನ 'ಬೆಲೆ'ಯನ್ನು ಕರೆಯುತ್ತಿದ್ದರೆ ಎರಡು ಸಲ ನಿಲ್ಲುತ್ತದೆ; ಅದು ದೋಷವಲ್ಲ. ಪ್ರೋಗ್ರಾಂ ನಡೆಯುತ್ತಿರುವಾಗಲೇ 'ಹುಣಸೆ' ಎಂಬ ಹೊಸ ಉಪಕ್ಲಾಸ್ ಲೋಡ್ ಆಗಬಹುದು. ಹೀಗಾಗಿ ಬ್ರೇಕ್‌ಪಾಯಿಂಟನ್ನು ಕೇವಲ ವಿಳಾಸವಾಗಿ ಇಟ್ಟುಕೊಳ್ಳದೆ ಕ್ಲಾಸ್ ಮತ್ತು ಮೆಥಡ್‌ಗಳ ಹೆಸರಿನ ಕೋರಿಕೆಯಾಗಿ ಉಳಿಸಿಕೊಂಡು, ಪ್ರತಿ ಕ್ಲಾಸ್ ಲೋಡ್ ಆದಾಗಲೂ ಬಾಕಿ ಕೋರಿಕೆಗಳನ್ನು ನೋಡಬೇಕು. ಜಾವಾದ ಜೆಡಿಬಿ ಡಿಬಗರ್ ಕೂಡ ಲೋಡ್ ಆಗದ ಕ್ಲಾಸಿನ ಬ್ರೇಕ್‌ಪಾಯಿಂಟನ್ನು ಹೀಗೆಯೇ ಮುಂದೂಡುತ್ತದೆ.

ಮುಂದೆ ನಿಮಗೆ ಒಂದೇ ಒಂದು ಅಡಿಕೆ ಆಬ್ಜೆಕ್ಟ್‌ನ ಬಳಿ ನಿಲ್ಲಿಸುವ ಆಸೆ ಹುಟ್ಟಬಹುದು. 'ನಿಲ್ಲು' ನಡೆದಾಗ ಮೆಥಡ್ ಯಾವ ಆಬ್ಜೆಕ್ಟ್‌ನ ಮೇಲೆ ನಡೆಯುತ್ತಿದೆ ಎಂದು ಹೋಲಿಸಿದರೆ ಅದು ಸಾಧ್ಯ. ಆದರೆ ಅದರ ಮೆಮೊರಿ ವಿಳಾಸವನ್ನು ಬರೆದಿಟ್ಟುಕೊಳ್ಳಬೇಡಿ, ಬೇಡವಾದ ಆಬ್ಜೆಕ್ಟ್‌ಗಳ ಮೆಮೊರಿಯನ್ನು ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಟರ್ ಆ ಆಬ್ಜೆಕ್ಟನ್ನು ಬೇರೆಡೆ ಸರಿಸಬಹುದು. ಗಟ್ಟಿಯಾದ ರೆಫರೆನ್ಸ್ ಕೂಡ ಬೇಡ, ಏಕೆಂದರೆ ಸಾಯಬೇಕಾದ ಆಬ್ಜೆಕ್ಟನ್ನು ಡಿಬಗರೇ ಬದುಕಿಸಿಟ್ಟಂತಾಗುತ್ತದೆ. ಆಬ್ಜೆಕ್ಟನ್ನು ಬದುಕಿಸಿಡದೆ ಬರೀ ತೋರಿಸುವ ವೀಕ್ ರೆಫರೆನ್ಸ್ ಬಳಸಿ, ಆಬ್ಜೆಕ್ಟ್ ಇಲ್ಲವಾದಾಗ ಬ್ರೇಕ್‌ಪಾಯಿಂಟನ್ನೂ ತೆಗೆದುಹಾಕಿರಿ.